ಆಗ್ರಾದ ಗುಡ್ಡ

ಉಪೇಂದ್ರ ಮನೆ ಮುಂದಿನ ಹಿಮ ಎತ್ತಿ ಹಾಕಿ, ಬೆನ್ನು ಹಿಡಿದುಕೊಂಡು ಒಳಗೆ ಬಂದು, ಕಾಫಿ ಲೋಟಕ್ಕೆ ಕೈ ಹಾಕುವುದಕ್ಕೂ ಫೋನ್ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಅವನ ಬಾಸ್ ಕ್ಲೆಂಡನ್ ಸಾಹೇಬರು.

"ಊಪ್, ಡೊರೋತಿ ಇನ್ನು ಕಾಯಲ್ಲ ಅಂತಿದಾಳೆ. ಇವತ್ತು ಸಂಜೆ ಏಳಕ್ಕೆ ಬರ್ತೀವಿ. ತಾಜಮಹಲ್ ತೋರಿಸಿಬಿಡು."

ಉಪೇಂದ್ರ ಎಂಬ ಹೆಸರನ್ನು ಸಾಹೇಬರು ಅವನು ಕೆಲಸಕ್ಕೆ ಸೇರಿದ ದಿನವೇ ಕತ್ತರಿಸಿ ಊಪ್ ಮಾಡಿದ್ದರು. ಪ್ಲಿಮತ್ತಿನ ಆ ಕಂಪನಿ ಕಾರುಗಳಿಗೆ ವೈಪರ್ ಮೋಟಾರು ತಯಾರಿಸುತ್ತಿತ್ತು. ಅನಾವಶ್ಯಕ ಭಾಗ ಕಂಡರೆ ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ.

"ವಿತ್ ಪ್ಲೆಶರ್ ಸರ್" ಎಂದು ಫೋನಿಟ್ಟ ಉಪೇಂದ್ರನಿಗೆ ಮಿಶಿಗನ್ನಿನ ಫೆಬ್ರವರಿಯಲ್ಲೂ ಬೆವರು ಬಂತು. ಅವನ ಹತ್ತಿರ ಪ್ರೊಜೆಕ್ಟರಿಗೆ ಹಾಕುವ ಎಂಬತ್ತು ಸ್ಲೈಡುಗಳಿದ್ದವು. ಅವುಗಳಲ್ಲಿ ಬಿಳಿ ಗುಮ್ಮಟವಿತ್ತು, ನಾಲ್ಕು ಮಿನಾರುಗಳಿದ್ದವು, ನೀರಿನ ಕಾರಂಜಿಗಳಿದ್ದವು, ಎಲ್ಲಕ್ಕೂ ಅಡ್ಡ ನಿಂತು ಹಲ್ಲು ಕಿರಿಯುವ ಉಪೇಂದ್ರನೂ ಇದ್ದ. ತಾಜಮಹಲ್ ಮಾತ್ರ ಒಂದರಲ್ಲೂ ಇರಲಿಲ್ಲ.

ಆದದ್ದು ಇಷ್ಟೇ. ಡಿಸೆಂಬರಿನಲ್ಲಿ ಅವನು ಹೆಂಡತಿ ಇಂದುಮತಿಯನ್ನು ಕರೆದುಕೊಂಡು ಊರಿಗೆ ಹೊರಟಾಗ ಸಾಹೇಬರು ಸಂಬಳ ಸಹಿತ ನಾಲ್ಕು ದಿನ ಹೆಚ್ಚಿನ ರಜ ಕೊಟ್ಟಿದ್ದರು. ಸಾಹೇಬರ ಹೆಂಡತಿ ಡೊರೋತಿಯಮ್ಮನವರಿಗೆ ತಾಜಮಹಲಿನ ಸ್ಲೈಡು ತಂದುಕೊಡಬೇಕು ಎಂಬುದೊಂದೇ ಷರತ್ತು. ಆ ನಾಲ್ಕು ದಿನವನ್ನು ಉಪೇಂದ್ರ ಔರಂಗಾಬಾದಿನಲ್ಲಿ, ಬ್ಯಾಂಕಿನಲ್ಲಿದ್ದ ಭಾವಮೈದ ಶೇಷಾದ್ರಿಯ ಮನೆಯಲ್ಲಿ, ಹೋಳಿಗೆ ತಿಂದು ಮಲಗುವುದರಲ್ಲಿ ಕಳೆದ. ಕೊನೆಯ ದಿನ ಎಚ್ಚರವಾಗಿ ಆಗ್ರಾ ಆಗ್ರಾ ಎಂದು ಬಡಬಡಿಸಿದಾಗ ಶೇಷಾದ್ರಿ ನಕ್ಕುಬಿಟ್ಟ.

"ಭಾವ, ಅಷ್ಟು ದೂರ ಯಾಕೆ ಒದ್ದಾಡ್ತೀರಿ? ನಮ್ಮೂರಲ್ಲೇ ಒಂದಿದೆ. ಬೀಬೀ ಕಾ ಮಕ್ಬರಾ. ಥೇಟ್ ಅದೇ. ಊಟ ಮಾಡಿ ಹೋದ್ರೆ ಕಾಫಿಗೆ ವಾಪಸ್ ಬರಬಹುದು."

ಮಕ್ಬರಾದ ಬಾಗಿಲಲ್ಲೇ ಅವನನ್ನು ಹಿಡಿದವರು ಗೈಡ್ ಮಸ್ತಾನ್ ಸಾಹೇಬರು. ತಲೆಗೆ ಕರಿ ಟೋಪಿ, ಕಂಕುಳಲ್ಲಿ ಕೊಡೆ. ಗುಲ್ಬರ್ಗಾದಿಂದ ಹೆಣ್ಣು ತಂದಿದ್ದರಿಂದ ಅವರಿಗೆ ಕನ್ನಡವೂ ಬರುತ್ತಿತ್ತು.

"ನೋಡ್ರಿ ಸಾಬ್, ತಾಜ್ ಅಜ್ಜ ಕಟ್ಟಿಸಿದ್ದು, ಹೆಂಡತಿ ಸಲುವಾಗಿ. ಇದು ಮೊಮ್ಮಗ ಕಟ್ಟಿಸಿದ್ದು, ತಾಯಿ ಸಲುವಾಗಿ. ಹೆಂಡತಿಗೆ ಖರ್ಚು ಮಾಡಿದಂಗ ತಾಯಿಗೆ ಯಾರು ಮಾಡ್ತಾರ್ರಿ? ಅದಕ್ಕ ಕೆಳಗ ಸ್ವಲ್ಪ ಅಮೃತಶಿಲೆ, ಮ್ಯಾಲೆ ಗುಮ್ಮಟಕ್ಕ ಅಮೃತಶಿಲೆ, ನಡುವ ಪೂರಾ ಗಾರೆ."

ಉಪೇಂದ್ರ ಸುತ್ತ ನೋಡಿದ. ಉದ್ಯಾನ ನಾಲ್ಕು ಪಾಲಾಗಿ ಹರಡಿತ್ತು. ನಡುವೆ ಉದ್ದನೆಯ ನೀರಿನ ಕಾಲುವೆ, ಅದರ ಕೊನೆಗೆ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಬೆಳ್ಳಗೆ ಎದ್ದು ನಿಂತ ಗೋರಿ. ಚೆನ್ನಾಗಿಯೇ ಇತ್ತು. ಒಂದೇ ಕೊರತೆ, ಅದರ ಬೆನ್ನಿಗೆ ಆನೆಗಳು ಸಾಲಾಗಿ ಮಲಗಿದಂತೆ ಗುಡ್ಡಗಳಿದ್ದವು.

ಕ್ಯಾಮೆರಾ ಹಿಡಿದು ಚಿಂತೆಯಲ್ಲಿ ನಿಂತವನನ್ನು ನೋಡಿದ ಕೂಡಲೇ ಮಸ್ತಾನ್ ಸಾಹೇಬರಿಗೆ ಅರ್ಥವಾಯಿತು. ಮೂವತ್ತು ವರ್ಷದ ಅನುಭವ.

"ಸಾಬ್‌ಗೆ ತಾಜ್ ಬೇಕಾಗ್ಯದ, ಹೌದಲ್ರಿ? ನಾಚಬ್ಯಾಡ್ರಿ, ಭಾಳ ಮಂದಿ ಬರ್ತಾರ. ಇಲ್ಲಿ ಬರ್ರಿ." ಅವರು ಕಾಲುವೆಯ ಪಕ್ಕದ ಒಂದು ಕಲ್ಲನ್ನು ಕೊಡೆಯ ತುದಿಯಿಂದ ತಟ್ಟಿದರು. ಎಷ್ಟೋ ಮಂಡಿಗಳು ಊರಿ ಆ ಕಲ್ಲು ನುಣ್ಣಗಾಗಿತ್ತು. "ಇಲ್ಲಿ ಮಂಡಿ ಊರ್ರಿ. ಗುಡ್ಡ ಕಟ್ಟಿ ಹಿಂದ ಅಡಗ್ತಾವ. ಕುಂತ್ರ ಆಗ್ರಾ, ಎದ್ದು ನಿಂತ್ರ ಔರಂಗಾಬಾದ್. ನೆಪ್ಪಿಟ್ಕೋರಿ."

ಉಪೇಂದ್ರ ಮೂವತ್ತು ಚಿತ್ರಗಳವರೆಗೆ ಆಗ್ರಾದಲ್ಲೇ ಇದ್ದ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ನಿಂತ.

ಈ ಸ್ಲೈಡುಗಳು ಒಂದು ತಿಂಗಳಿಂದ ಬೀರುವಿನಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದವು. ಕೇಳಿದಾಗಲೆಲ್ಲ ಉಪೇಂದ್ರ "ತೊಳೆಯಲು ಕೊಟ್ಟಿದೀನಿ ಸರ್" ಎನ್ನುತ್ತಿದ್ದ. ಈಗ ಆ ದಾರಿಯೂ ಮುಚ್ಚಿತು. ಅದೂ ಯಾವ ಶನಿವಾರ! ಡಿಪಾರ್ಟ್‌ಮೆಂಟಿನಲ್ಲಿ ಸೆಕ್ಷನ್ ಹೆಡ್ ಕುರ್ಚಿ ಖಾಲಿ ಬಿದ್ದಿತ್ತು, ಅದರಲ್ಲಿ ಯಾರು ಕೂರಬೇಕೆಂದು ಸಾಹೇಬರು ಸೋಮವಾರ ಹೇಳುವವರಿದ್ದರು.

"ಅಮೆರಿಕನ್ನರಿಗೆ ಏನ್ರೀ ಗೊತ್ತಾಗತ್ತೆ?" ಎಂದಳು ಇಂದುಮತಿ, ಬೋಂಡಕ್ಕೆ ಹಿಟ್ಟು ಕಲಸುತ್ತ. "ಬೆಳ್ಳಗಿದೆ, ಗುಂಡಗಿದೆ, ತಾಜಮಹಲ್. ಆಯ್ತು. ಅಂದಹಾಗೆ ಹೇಳೋದು ಮರೆತೆ. ಸಂಗನಬಸಪ್ಪ ಡಾಕ್ಟ್ರು ಶಿಕಾಗೋ ಕಡೆಯಿಂದ ಹೊರಟಿದಾರಂತೆ. ನಾಳೆ ಡೆಟ್ರಾಯಿಟ್‌ನಲ್ಲಿ ಏನೋ ಕಾನ್ಫರೆನ್ಸು. ಇವತ್ತು ನಮ್ಮನೇಲೇ ಇರ್ತಾರೆ."

ಉಪೇಂದ್ರ ಸೋಫಾದ ಮೇಲೆ ಕುಸಿದ. ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದ ಡಾಕ್ಟರು ದೇವರಂಥ ಮನುಷ್ಯ. ಅವರಲ್ಲಿದ್ದ ದೋಷಗಳು ಎರಡೇ. ಒಂದು, ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ರೋಗಿಗೆ ಕೂಡ "ನೀನು ಉಳಿಯೋದು ಕಷ್ಟ ಅದ" ಎಂದು ಮುಖಕ್ಕೆ ಹೇಳಿ ಕೈ ಕುಲುಕುತ್ತಿದ್ದರು. ಇನ್ನೊಂದು, ಬೀದರಿನವರಾದ ಅವರು ನಿಜಾಮನ ಕಾಲದಲ್ಲಿ ಇಂಟರ್‌ಮೀಡಿಯೆಟ್ ಓದಿದ್ದು ಔರಂಗಾಬಾದಿನಲ್ಲಿ.

ಡಾಕ್ಟರು ಐದು ಗಂಟೆಗೆ ಬಂದು ಕೋಟು ಬಿಚ್ಚುವ ಮೊದಲೇ ಉಪೇಂದ್ರ ಅವರ ಎರಡೂ ಕೈ ಹಿಡಿದುಕೊಂಡು ಎಲ್ಲ ಒಪ್ಪಿಕೊಂಡ. ಸೆಕ್ಷನ್ ಹೆಡ್ ಕುರ್ಚಿಯ ಕಥೆ ಹೇಳುವಾಗ ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು.

ಡಾಕ್ಟರು ಕೈ ಬಿಡಿಸಿಕೊಂಡು ಕೋಟು ಬಿಚ್ಚಿದರು. "ಅಲ್ರಿ ಉಪೇಂದ್ರ, ಸುಳ್ಳು ಹೇಳು ಅಂದ್ರ ನಾ ಹೇಳಂಗಿಲ್ಲ."

"ಹೇಳೋದು ಬೇಡಿ ಡಾಕ್ಟ್ರೇ. ಸುಮ್ನೆ ಇರಿ. ನಾನು ಏನು ಹೇಳಿದ್ರೂ ಸುಮ್ನೆ ಇರಿ."

"ನೀವು ಏನಾರ ಹೇಳ್ರಿ, ನಾ ಬಾಯಿ ಬಿಡಂಗಿಲ್ಲ. ಮಾತು ಕೊಟ್ಟೀನಿ. ಸಾಕೇನು?"

ಸಾಕಾಗಿತ್ತು. ಆದರೂ ಇರಲಿ ಎಂದು ಉಪೇಂದ್ರ ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಬಾಯಿ ತುಂಬಿರಲೆಂದು ಬೋಂಡದ ತಟ್ಟೆಯನ್ನು ಅವರ ತೊಡೆಯ ಮೇಲೇ ಇಟ್ಟ.

ಏಳು ಗಂಟೆಗೆ ಸರಿಯಾಗಿ ಸಾಹೇಬರೂ ಡೊರೋತಿಯಮ್ಮನವರೂ ಬಂದರು. ಡೊರೋತಿಯಮ್ಮ ಊರಿನ ಮಹಿಳಾ ಕ್ಲಬ್ಬಿನ ಅಧ್ಯಕ್ಷೆ. ಕುಳ್ಳು ಹೆಂಗಸು, ಕಣ್ಣು ಮಾತ್ರ ಸೂಜಿ. ದೀಪ ಆರಿತು, ಪ್ರೊಜೆಕ್ಟರ್ ಗುರ್ ಎಂದಿತು, ಗೋಡೆಗೆ ಬಿಗಿದ ಇಂದುಮತಿಯ ಬಿಳಿ ಬೆಡ್‌ಶೀಟಿನ ಮೇಲೆ ಗುಮ್ಮಟ ಮೂಡಿತು.

"ಆಹಾ! ತಾಜಮಹಲ್!" ಎಂದರು ಡೊರೋತಿಯಮ್ಮ.

ಮೂಲೆಯಲ್ಲಿ ಒಂದು ಬೋಂಡ ಕರಕ್ ಎಂದಿತು. ಅಷ್ಟೇ. ಉಪೇಂದ್ರನಿಗೆ ಜೀವ ಬಂತು. ಷಹಜಹಾನ್, ಮುಮ್ತಾಜ್, ಇಪ್ಪತ್ತು ಸಾವಿರ ಕೂಲಿಗಳು, ಲೈಬ್ರರಿಯ ಪುಸ್ತಕದಿಂದ ಮಧ್ಯಾಹ್ನ ಉರು ಹೊಡೆದದ್ದನ್ನೆಲ್ಲ ಸುರಿಯತೊಡಗಿದ.

ಅಷ್ಟರಲ್ಲಿ ಡೊರೋತಿಯಮ್ಮ ಗಂಡನ ತೋಳು ತಟ್ಟಿ ನಕ್ಕರು. "ನಿಜ ಹೇಳಬೇಕೆಂದರೆ ಇದನ್ನೆಲ್ಲ ನಮಗೆ ವಾರನ್ ಹೇಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಇವರ ಪೋಸ್ಟಿಂಗ್ ಆಗ್ರಾದಲ್ಲೇ. ಹದಿನಾಲ್ಕು ತಿಂಗಳು! ಪ್ರತಿ ಭಾನುವಾರ ತಾಜಮಹಲಿಗೆ ಹೋಗುತ್ತಿದ್ದರು."

ಉಪೇಂದ್ರನ ಕೈ ಪ್ರೊಜೆಕ್ಟರಿನ ಗುಂಡಿಯ ಮೇಲೇ ಸೆಟೆದುಕೊಂಡಿತು. ನಾಲ್ಕು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ಸಾಹೇಬರು ಒಂದು ದಿನ ಈ ಮಾತೆತ್ತಿರಲಿಲ್ಲ. ಹದಿನಾಲ್ಕು ತಿಂಗಳೆಂದರೆ ಅರವತ್ತು ಭಾನುವಾರ. ಡಾಕ್ಟರ ಬಾಯಿಗೆ ಬೋಂಡ ತುರುಕಿದ್ದಾಯಿತು, ಬಾಸಿನ ಬಾಯಿಗೆ ಏನು ತುರುಕುವುದು?

ಸೆಟೆದ ಬೆರಳೇ ಗುಂಡಿ ಒತ್ತಿ ಮುಂದಿನ ಸ್ಲೈಡು ಬಿತ್ತು. ಗೋರಿಯ ಒಳಭಾಗ. ಕಲ್ಲಿನ ಜಾಲಂಧ್ರದ ನಡುವೆ ಒಂದೇ ಒಂದು ಸಮಾಧಿ.

"ಪುಸ್ತಕದಲ್ಲಿ ಎರಡು ಅಂತ ಓದಿದ್ದೆ. ಚಕ್ರವರ್ತಿ ಎಲ್ಲಿ?" ಎಂದರು ಡೊರೋತಿಯಮ್ಮ.

"ಚಕ್ರವರ್ತಿ..." ಉಪೇಂದ್ರ ಸುಮ್ಮನೆ ಪ್ರೊಜೆಕ್ಟರಿನ ಫೋಕಸ್ ತಿರುವಿದ. "ಚಕ್ರವರ್ತಿಯ ಕಡೆಗೆ ಮಂಗಳವಾರ ರಜ."

ಕತ್ತಲಲ್ಲಿ ತನ್ನ ಕುರ್ಚಿ ಹಿಮದಲ್ಲಿ ಜಾರಿ ಹೋಗುತ್ತಿರುವುದು ಉಪೇಂದ್ರನ ಕಣ್ಣಿಗೆ ಕಟ್ಟಿತು. ಆಗ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಸರಿಯಾಗಿ ಹೇಳಿದೆ ಊಪ್. ನಾನಿದ್ದಾಗಲೂ ಮಂಗಳವಾರ ಆ ಕಡೆ ಮುಚ್ಚಿರುತ್ತಿತ್ತು."

ಉಪೇಂದ್ರನಿಗೆ ಮೊದಲು ತನ್ನ ಕಿವಿಯ ಮೇಲೆ ಅನುಮಾನ ಬಂತು. ಆಮೇಲೆ ನಿಧಾನವಾಗಿ, ಚಳಿಗಾಲದ ಸೂರ್ಯ ಹುಟ್ಟುವಷ್ಟು ನಿಧಾನವಾಗಿ, ತಲೆಯೊಳಗೆ ಬೆಳಕಾಯಿತು. ಈ ಪುಣ್ಯಾತ್ಮ ತಾಜಮಹಲನ್ನು ಕಣ್ಣಿನಿಂದ ಕಂಡಿಲ್ಲ! ತನ್ನದು ಒಂದು ತಿಂಗಳ ಸುಳ್ಳಾದರೆ ಇವರದ್ದು ಮೂವತ್ತು ವರ್ಷದ್ದು, ಪೆನ್ಷನ್ನಿಗೆ ಬಂದ ಸುಳ್ಳು. ಉಪೇಂದ್ರನಿಗೆ ಎದ್ದು ಹೋಗಿ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು.

ಅಲ್ಲಿಂದ ಮುಂದೆ ಜುಗಲ್‌ಬಂದಿ ನಡೆಯಿತು. ಇವನು ಕಾರಂಜಿ ಎಂದರೆ ಅವರು ಅದರಲ್ಲಿ ಮುಖ ತೊಳೆದಿದ್ದರು. ಇವನು ಮಿನಾರು ಎಂದರೆ ಅವರು ಅದರ ತುದಿ ಹತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು "ಕರೆಕ್ಟ್, ಕರೆಕ್ಟ್" ಎಂದುಕೊಳ್ಳುತ್ತ ಸುಖವಾಗಿ ಮುಂದೆ ಸಾಗಿದರು. ಮೂಲೆಯಲ್ಲಿ ಮಾತ್ರ ಕುರ್ಚಿ ಒಮ್ಮೆ ಕಿರ್ ಎಂದಿತು. ಸಂತೋಷದ ಭರದಲ್ಲಿ ಉಪೇಂದ್ರ ಅದನ್ನು ಗಮನಿಸಲಿಲ್ಲ. ಅಲ್ಲಿಗೇ ನಿಲ್ಲಿಸಬೇಕೆಂದು ತಾನು ಎಣಿಸಿಟ್ಟಿದ್ದ, ಗುಡ್ಡ ಕಾಣದ ಮೂವತ್ತು ಸ್ಲೈಡು ಮುಗಿದದ್ದನ್ನೂ ಗಮನಿಸಲಿಲ್ಲ.

ಮೂವತ್ತೊಂದನೆಯದು ಬಿತ್ತು. ಗುಮ್ಮಟದ ಹಿಂದೆ ಗುಡ್ಡಗಳು ಸಾಲಾಗಿ ಎದ್ದು ಕೂತವು.

"ಓ, ಎಂಥ ಸುಂದರ ಬೆಟ್ಟ!" ಎಂದರು ಡೊರೋತಿಯಮ್ಮ.

"ಆ ಬೆಟ್ಟ!" ಸಾಹೇಬರ ದನಿ ಗದ್ಗದವಾಯಿತು. "ಡೊರೋತಿ, ನಿನಗೆ ಕಾಗದ ಬರೀತಾ ಇದ್ದದ್ದು ಆ ಬೆಟ್ಟದ ಮೇಲೆ ಕೂತೇ. ಎಡಗಡೆ ತುದಿ ಕಾಣುತ್ತಲ್ಲ, ಅಲ್ಲೊಂದು ಬಂಡೆ ಇದೆ."

"ಸಾಕ್ ಮಾಡ್ರಿ!"

ಡಾಕ್ಟರು ಎದ್ದು ನಿಂತಿದ್ದರು. ತಟ್ಟೆ ನೆಲಕ್ಕೆ ಬಿದ್ದು ಬೋಂಡಗಳು ಸೋಫಾದ ಕೆಳಗೆ ಉರುಳಿದವು.

"ಡಾಕ್ಟ್ರೇ, ಮಾತು ಕೊಟ್ಟಿದೀರಿ!" ಎಂದು ಉಪೇಂದ್ರ ಕನ್ನಡದಲ್ಲಿ ಕೂಗಿದ.

"ನಿಮ್ಮ ಸುಳ್ಳಿಗೆ ಕೊಟ್ಟೀನ್ರಿ. ಇವರ ಸುಳ್ಳಿಗೆ ಕೊಟ್ಟಿಲ್ಲ!" ಎಂದು ಕನ್ನಡದಲ್ಲೇ ಉತ್ತರ ಹೇಳಿ, ಡಾಕ್ಟರು ಇಂಗ್ಲಿಷಿಗೆ ತಿರುಗಿ ರೋಗಿಯ ಮನೆಯವರಿಗೆ ವಿಷಯ ತಿಳಿಸುವ ದನಿಯಲ್ಲಿ ಡೊರೋತಿಯಮ್ಮನವರಿಗೆ ಹೇಳಿದರು: "ಮೇಡಂ, ಕ್ಷಮಿಸಿ. ತಾಜಮಹಲಿನ ಹಿಂದೆ ಇರೋದು ಯಮುನಾ ನದಿ. ಈ ಗುಡ್ಡ ಇರೋದು ಔರಂಗಾಬಾದಿನಲ್ಲಿ. ಆಗ್ರಾದಿಂದ ಐನೂರು ಮೈಲಿ. ಅಲ್ಲಿ ಕೂತು ನಾನು ಎರಡು ವರ್ಷ ಕೆಮಿಸ್ಟ್ರಿ ಓದಿದೀನಿ."

ಯಾರೋ ದೀಪ ಹಾಕಿದರು. ಡೊರೋತಿಯಮ್ಮ ಬೆಡ್‌ಶೀಟ್ ನೋಡಿದರು, ಗಂಡನನ್ನು ನೋಡಿದರು.

"ವಾರನ್, ಹದಿನಾಲ್ಕು ತಿಂಗಳು ನೀನು ಎಲ್ಲಿದ್ದೆ?"

ಸಾಹೇಬರ ಮುಖ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಇಡೀ ಕಾರ್ಖಾನೆಯನ್ನು ನಡುಗಿಸುವ ಆ ದನಿ ನೆಲದ ಕಡೆ ನೋಡುತ್ತ ಹೇಳಿತು: "ಕಲ್ಕತ್ತಾದಲ್ಲಿ. ಗೋದಾಮಿನಲ್ಲಿ. ಸೈನ್ಯದ ಕಾಲುಚೀಲ ಎಣಿಸ್ತಾ ಇದ್ದೆ."

ಇನ್ನು ತನ್ನ ಸರದಿ ಎಂದು ಉಪೇಂದ್ರ ಕಣ್ಣು ಮುಚ್ಚಿಕೊಂಡ. ಅವನ ಭುಜದ ಮೇಲೆ ಒಂದು ಕೈ ಬಿತ್ತು. ಕಣ್ಣು ಬಿಟ್ಟರೆ ಡೊರೋತಿಯಮ್ಮ ನಗುತ್ತಿದ್ದರು.

"ಮಿಸ್ಟರ್ ಉಪೇಂದ್ರ," ಎಂದರು. ಅವನ ಹೆಸರನ್ನು ಪೂರ್ತಿಯಾಗಿ ಹೇಳಿದ ಮೊದಲ ಅಮೆರಿಕನ್ ಆಕೆಯೇ. "ಎಂಥ ಬುದ್ಧಿವಂತಿಕೆ! ಮೂವತ್ತು ವರ್ಷದಿಂದ ನನಗೆ ಅನುಮಾನವಿತ್ತು, ಹಿಡಿಯೋ ದಾರಿ ಗೊತ್ತಿರಲಿಲ್ಲ. ನೀವು ಬೇಕಂತಲೇ ಬೇರೆ ಗೋರಿಯ ಸ್ಲೈಡು ತಂದು, ಸಾಕ್ಷಿಗೆ ಶಿಕಾಗೋದಿಂದ ಡಾಕ್ಟರನ್ನೂ ಕರೆಸಿ, ಎಷ್ಟು ಸಲೀಸಾಗಿ ಬಾಯಿ ಬಿಡಿಸಿಬಿಟ್ಟಿರಿ! ಥ್ಯಾಂಕ್ ಯೂ!"

ಸಾಹೇಬರು ನಿಧಾನವಾಗಿ ತಲೆಯೆತ್ತಿ ಉಪೇಂದ್ರನನ್ನು ನೋಡಿದರು. ಅಯ್ಯೋ ಇಲ್ಲ ಎಂದರೆ ತಾನು ಸುಳ್ಳುಗಾರ. ಹೌದು ಎಂದರೆ ಬಾಸಿಗೆ ಬಲೆ ಹಾಕಿದವನು. ಉಪೇಂದ್ರ ಎರಡೂ ಅನ್ನಲಾರದೆ, "ಕಾಫಿ ತಗೋತೀರಾ?" ಎಂದ.

ಸೋಮವಾರ ಸೆಕ್ಷನ್ ಹೆಡ್ ಕುರ್ಚಿಯಲ್ಲಿ ಬೇರೊಬ್ಬ ಕೂತ. ಉಪೇಂದ್ರನಿಗೂ ಒಂದು ಬಡ್ತಿ ಬಂತು. ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾಕ್ಕೆ ಕೂಗಿದರೆ ಕೇಳಿಸುವಷ್ಟು ಹತ್ತಿರ, ಮೈನಸ್ ಮೂವತ್ತು ಫ್ಯಾರನ್‌ಹೀಟಿನಲ್ಲಿ ವೈಪರುಗಳು ಆಡುತ್ತವೆಯೋ ಇಲ್ಲವೋ ಎಂದು ಹೊರಗೆ ನಿಂತು ನೋಡುವ ವಿಭಾಗಕ್ಕೆ ಅವನೇ ಮುಖ್ಯಸ್ಥ. ಆ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ.

ಮಂಗಳವಾರ ಸಂಜೆ ಗಂಡ ಹೆಂಡತಿ ಉಣ್ಣೆ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಮನೆ ಮುಂದೆ ಉದ್ದನೆಯ ಕಾರೊಂದು ಬಂದು ನಿಂತಿತು. ತುಪ್ಪಳದ ಕೋಟಿನ ಹೆಂಗಸೊಬ್ಬಳು ಇಳಿದು ಬಂದಳು.

"ನಾನು ಡೊರೋತಿಯ ಕ್ಲಬ್ಬಿನವಳು. ನನ್ನ ಗಂಡ ನಿಮ್ಮ ಕಂಪನಿಯ ವೈಸ್ ಪ್ರೆಸಿಡೆಂಟ್. ನಿಮ್ಮ ವರ್ಗದ ವಿಷಯ ಕೇಳಿ ಬೇಜಾರಾಯಿತು. ಆ ಕಾಗದಕ್ಕೆ ಇನ್ನೂ ಅವರ ಸಹಿ ಬಿದ್ದಿಲ್ಲ."

ಇಂದುಮತಿ ಕೈಯಲ್ಲಿದ್ದ ಸ್ವೆಟರನ್ನು ಕೆಳಗಿಟ್ಟಳು. ಉಪೇಂದ್ರ ಓಡಿ ಹೋಗಿ ಕುರ್ಚಿ ಎಳೆದ. ಹೆಂಗಸು ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಈ ಶನಿವಾರ ಅವರನ್ನು ಕರೆದುಕೊಂಡು ಬರುತ್ತೇನೆ. ಯುದ್ಧದ ಕಾಲದಲ್ಲಿ ಒಂದು ವರ್ಷ ಪ್ಯಾರಿಸ್ಸಿನಲ್ಲಿದ್ದೆ ಅಂತಾರೆ. ನಿಮ್ಮ ಹತ್ತಿರ ಪ್ಯಾರಿಸ್ ಅಲ್ಲದ ಪ್ಯಾರಿಸ್ಸಿನ ಸ್ಲೈಡುಗಳಿವೆಯೇ?"