ಕೇದಗೆದಿಬ್ಬದ ಸೀನುಸಂಗ್ರಾಮ

ಕಲಿಯುಗವು ತನ್ನ ಮೊದಲ ಪಾದದಲ್ಲೇ ಕುಂಟುತ್ತಿರಲು, ಪಶ್ಚಿಮಸಮುದ್ರದ ನಡುವೆ ಕೊಡಲಿಯ ಪೆಟ್ಟನ್ನೇ ಅರಿಯದ ವೃಕ್ಷಕುಲಗಳಿಂದ ನಿಬಿಡವಾಗಿ, ಅರಣ್ಯ ಇಲಾಖೆಯ ಕಾವಲನ್ನು ಕವಚದಂತೆ ತೊಟ್ಟು ಮೆರೆಯುತ್ತಿದ್ದ ಕೇದಗೆದಿಬ್ಬವೆಂಬ ದ್ವೀಪಕ್ಕೆ, ಬ್ಯಾಡಗಿಯ ಮೆಣಸಿನಕಾಯಿ ವರ್ತಕಶಿರೋಮಣಿಯೂ, ರಕ್ತವರ್ಣಧೂಳಿಧೂಸರಿತಗಾತ್ರನೂ, ಮಹಾಕ್ಷುತನಿರ್ಘೋಷಭೀಕರನೂ ಆದ ಅಂದಾನೆಪ್ಪನು ಪತ್ನೀಸಮೇತನಾಗಿ ಬಿಜಯಂಗೈದ ಪರಿಯನ್ನು ಸಭೆಯು ಚಿತ್ತವಿಟ್ಟು ಆಲಿಸುವುದು. ಕ್ಷುತವೆಂದರೆ ಸೀನು.

ಆ ಸೀನಿನ ಪ್ರತಾಪವನ್ನು ಏನೆಂದು ಬಣ್ಣಿಸಲಿ! ಅದು ಸಿಡಿದರೆ ಪೇಟೆಯ ಎತ್ತುಗಳು ಕಣ್ಣಿ ಹರಿದು ಓಡುತ್ತಿದ್ದವು. ಮಡದಿ ಸುವರ್ಣಾಳ ತಮ್ಮನ ಮದುವೆಯಲ್ಲಿ, ಸರಿಯಾಗಿ ತಾಳಿ ಕಟ್ಟುವ ಗಳಿಗೆಗೆ ಅದು ಮೊಳಗಿ, ಅಪಶಕುನವೆಂದು ಮುಹೂರ್ತವೇ ಮುಂದೆ ಹೋಗಿ, ಆಕೆ ತವರಿನವರೆದುರು ತಲೆ ತಗ್ಗಿಸಿದ್ದಳು. ಮಾಳಿಗೆಯ ಮೇಲೆ ಗುಬ್ಬಿಗಳಿಗೆ ನುಚ್ಚು ಚೆಲ್ಲುತ್ತ, ಕಡಲ ಹದ್ದಿನ ಗೂಡನ್ನು ಜನ್ಮದಲ್ಲೊಮ್ಮೆ ಕಾಣಬೇಕೆಂದು ಹಂಬಲಿಸಿದ್ದ ಆ ಸಾಧ್ವಿಯು, ದೋಣಿಯಿಂದ ಇಳಿಯುವಾಗಲೂ ಗಂಡನ ಮೂಗನ್ನೇ ಶಂಕೆಯಿಂದ ನೋಡುತ್ತಿದ್ದಳು.

ದಂಡೆಯಲ್ಲಿ ಅರಣ್ಯರಕ್ಷಕಿ ಸುಮಿತ್ರಾ ಹರಿಕಂತ್ರ ದೋಣಿಯಲ್ಲಿ ಬಂದ ಪ್ರವಾಸಿಗರನ್ನೆಲ್ಲ ನಿಲ್ಲಿಸಿ ಹೇಳಿದಳು: "ಇಲ್ಲಿಂದ ಮುಂದೆ ಒಂದೂ ಮಾತಿಲ್ಲ. ಸದ್ದಾದ್ರೆ ತಾಯಿ ಹಕ್ಕಿ ಎದ್ದು ಹೋಗ್ತದೆ, ಮರಿ ಬಿಸಿಲಿಗೆ ಬೇಯ್ತದೆ."

"ರೀ, ನೀವು ದೋಣ್ಯಾಗ ಕುಂದರ್ರಿ," ಎಂದಳು ಸುವರ್ಣಾ.

ಅಂದಾನೆಪ್ಪನ ಎದೆಯಲ್ಲಿ ಅಪಮಾನಾಗ್ನಿಯು ಭುಗಿಲೆದ್ದಿತು. ಒಂದು ಕಾಲನ್ನು ಬಂಡೆಯ ಮೇಲಿಟ್ಟು, ಹೆಗಲ ವಲ್ಲಿಯನ್ನು ಝಾಡಿಸಿ ಗರ್ಜಿಸಿದನು: "ಏ ಸುವರ್ಣಾ! ನನ್ನ ಏನಂತ ತಿಳಕೊಂಡೀದಿ? ಮೆಣಸಿನಕಾಯಿ ರಾಶಿ ಮ್ಯಾಲೆ ಮಲಗಿ ಎದ್ದ ಗಂಡಸು ನಾನು! ಸಮುದ್ರ ಬತ್ತಲಿ, ಗುಡ್ಡ ಕರಗಲಿ, ಈ ಮೂಗಿನಿಂದ ಸಪ್ಪಳ ಹೊಂಟ್ರ ಈ ಮೀಸಿ ಬೋಳಿಸಿ ಇಲ್ಲೇ ಕಡಲಿಗೆ ಅರ್ಪಿಸ್ತೇನಿ!"

"ಅದೆಲ್ಲ ಇಲ್ಲಿ ಹಾಕೋ ಹಾಗಿಲ್ಲ," ಎಂದಳು ಸುಮಿತ್ರಾ. "ದ್ವೀಪದಲ್ಲಿ ಕಸ ಚೆಲ್ಲಿದ್ರೆ ದಂಡ ಉಂಟು."

ಒಣ ಎಲೆಯೂ ನರಳದಂತೆ ಹೆಜ್ಜೆಯಿಡುತ್ತ ಎಲ್ಲರೂ ತೆಂಗಿನ ಗರಿಯ ತಡಿಕೆಯ ಮರೆ ಸೇರಿದರು. ಎದುರಿನ ಹೆಮ್ಮರದ ಕವಲಿನಲ್ಲಿ ಗೂಡು; ಗೂಡಿನಲ್ಲಿ ಮರಿಗೆ ರೆಕ್ಕೆಯ ನೆರಳು ಹಿಡಿದ ತಾಯಿ ಹದ್ದು. ಸುವರ್ಣಾ ಬಾಯಿಗೆ ಸೆರಗೊತ್ತಿಕೊಂಡಳು. ಅಷ್ಟರಲ್ಲಿ ವಾಯುದೇವನು, ಯಾರ ಪಕ್ಷ ವಹಿಸಿದ್ದನೋ, ಹೂಬಿಟ್ಟ ಕೇದಗೆಯ ಪೊದೆಯನ್ನೊಮ್ಮೆ ನೇವರಿಸಿ, ಅದರ ಹಳದಿ ಧೂಳಿಯನ್ನೆಲ್ಲ ತಂದು ನಮ್ಮ ವೀರನ ನಾಸಾದುರ್ಗದ ಎರಡೂ ಮಹಾದ್ವಾರಗಳಲ್ಲಿ ಸುರಿದನು.

ಮೆಣಸಿನ ಘಾಟನ್ನು ಗೆದ್ದ ಮೂಗು ಹೂವಿನ ಪುಡಿಗೆ ಸೋತಿತು! ಆಳದಲ್ಲೆಲ್ಲೋ ಸೀನು ಎದ್ದು ಕುಳಿತು ಮೈಮುರಿಯಿತು. ಅಂದಾನೆಪ್ಪನು ಮೂಗು ಹಿಂಡಿದನು. ಅದು ಕಿವಿಗೆ ನುಗ್ಗಿತು. ಕಿವಿ ಮುಚ್ಚಿದನು, ಅದು ನೆತ್ತಿಗೇರಿತು. ನಾಲಿಗೆ ಕಚ್ಚಿ, ಬಸವಣ್ಣನನ್ನು ನೆನೆದು, ಕುಲದೈವವನ್ನು ಕರೆದು, ಭಾವಮೈದುನನ ಮದುವೆಯಲ್ಲಿ ಬಾಡಿದ್ದ ಮಡದಿಯ ಮುಖವನ್ನು ಕಣ್ಣಮುಂದೆ ತಂದುಕೊಂಡನು. 'ಇವತ್ತೊಂದಿನ ಬ್ಯಾಡೋ ಯಪ್ಪಾ' ಎಂದು ಸ್ವಂತ ಮೂಗಿಗೇ ಕೈಮುಗಿದನು. ಕಣ್ಣುಗಳಿಂದ ಧಾರಾಕಾರವಾಗಿ ನೀರಿಳಿಯಿತು. ದೇಹವು ಭೂಕಂಪಕ್ಕೆ ಸಿಕ್ಕ ಗೋಪುರದಂತೆ ನಡುಗಿತು. ಕೊನೆಗೆ, ಬ್ಯಾಡಗಿಯನ್ನು ಗಡಗಡ ನಡುಗಿಸಿದ ಆ ಮಹಾಕ್ಷುತವು, ಸೋತು ಸುಣ್ಣವಾಗಿ, ಹೊರಬಂದಿತು:

"ಪುಸ್."

ತಡಿಕೆಯ ಮೇಲಿದ್ದ ಕಟ್ಟಿರುವೆಯೊಂದು ಕ್ಷಣ ನಿಂತು, ಮೀಸೆ ಆಡಿಸಿ, ಮುಂದೆ ಹೋಯಿತು. ಹದ್ದು ಕತ್ತು ಕೂಡ ಹೊರಳಿಸಲಿಲ್ಲ.

ಮರಳುವ ದೋಣಿಯಲ್ಲಿ ಅಂದಾನೆಪ್ಪನು ವಿಜಯಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿರಲು, ಸುವರ್ಣಾ ಮೆಲ್ಲಗೆ ಅವನ ಪಕ್ಕಕ್ಕೆ ಸರಿದಳು.

"ನೀವು ಅಳಾಕತ್ತಿದ್ದು ನೋಡಿದೆ ರೀ. ಆ ತಾಯಿ ಮೀನು ಹರಿದು ಮರಿಗೆ ತಿನಿಸಿದ್ದು ನೋಡಿ ನನಗೂ ತಡಕೊಳ್ಳಾಕ ಆಗ್ಲಿಲ್ಲ. ನಿಮ್ಮ ಒಳಗ ಇಂಥಾ ಮನಸು ಐತಂತ ನನಗ ಗೊತ್ತ ಇರಲಿಲ್ಲ." ಹಾಗೆಂದು, ಅಷ್ಟು ಜನರೆದುರು, ಅವನ ಕೈಯ ಮೇಲೆ ಕೈಯಿಟ್ಟಳು.

ಯಾವ ಮೀನು? ನಮ್ಮ ವೀರನು ಗೂಡನ್ನಾಗಲಿ ಮರಿಯನ್ನಾಗಲಿ ನೆಟ್ಟಗೆ ಕಂಡಿರಲಿಲ್ಲ. ಕಣ್ಣೀರಿನಲ್ಲಿ ದ್ವೀಪವೆಲ್ಲ ಹಸಿರಾಗಿ ಕಲಸಿಹೋಗಿತ್ತು. ಭಾಷಣವನ್ನು ನುಂಗಿ, ವಲ್ಲಿಯ ತುದಿಯಿಂದ ಮೂಗೊರಸಿಕೊಂಡನು.

"ಹೂಂ," ಎಂದನು. "ಭಾಳ ದೊಡ್ಡ ಮೀನು."

"ಸಣ್ಣದಿತ್ತಲ್ರೀ."

"ಹೂಂ. ಸಣ್ಣದು."