ಬಾಯಿ ಬಿಡಿ ಎಂದ ಆ್ಯಪ್‌ಗೆ ಬಾಯಿ ಬಿಟ್ಟವರ ದೂರು

ಮಾನ್ಯ ದಂತವೈದ್ಯ ಆ್ಯಪ್ ಮಹಾಶಯರೇ,

ಮನೆಬಾಗಿಲವರೆಗೂ ಬರುವ ಕಷ್ಟ ತೆಗೆದುಕೊಳ್ಳದೆ ನೇರವಾಗಿ ಅಂಗೈಯೊಳಗೇ ದಯಮಾಡಿಸಿದ ತಮಗೆ, ಹಲ್ಲುನೋವಿನ ಮನೆಯೊಂದರ ಸೊಸೆ ಹಲ್ಲು ಕಚ್ಚಿಕೊಂಡು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದು ಪರದೆಯ ಮೇಲೆ ಸುತ್ತುತ್ತಲೇ ಇರುವ ತಮ್ಮ ಚಕ್ರದಿಂದ ತಿಳಿಯಿತು.

ನಮ್ಮ ಅತ್ತೆಯವರ ಕೆಳದವಡೆ ಊದಿಕೊಂಡಿತ್ತು. ನಮ್ಮದೇ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ರಿಸೆಪ್ಷನ್ನಿನಾಕೆ, "ಮೊದಲು ಆ್ಯಪ್‌ನಲ್ಲಿ ತೋರಿಸ್ಕೊಂಡು ಬನ್ನಿ ಅಕ್ಕಾ, ಹಾಗೇ ಒಳಗೆ ಬಿಡೋ ಹಾಗಿಲ್ಲ" ಎಂದರು. ಡಾಕ್ಟರು ಗಾಜಿನ ಬಾಗಿಲಾಚೆ ಕೈಕಟ್ಟಿ ಕೂತಿದ್ದುದು ನಮಗೆ ಚೆನ್ನಾಗಿಯೇ ಕಾಣುತ್ತಿತ್ತು. ಎದುರಿಗೇ ಇರುವವರನ್ನು ನೋಡಲೆಂದು ಮನೆಗೆ ವಾಪಸು ಕಳಿಸುವ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು.

ಮನೆಗೆ ಬಂದು ತಮ್ಮನ್ನು ತೆರೆದರೆ, ಈ ಮುಖ ಗುರುತಿನ ಚೀಟಿಯ ಮುಖಕ್ಕೆ ಹೊಂದುತ್ತಿಲ್ಲ ಎಂದು ತಾವು ತಡೆದಿರಿ. ಕೆನ್ನೆ ಊದಿದವರು ಊದದ ಕೆನ್ನೆಯೊಂದಿಗೆ ಬರಬೇಕೆಂಬ ತಮ್ಮ ಶಿಸ್ತು ದೊಡ್ಡದು. ನಾವು ಸರಿಯಿದ್ದ ಕಡೆಯ ಕೆನ್ನೆ ತೋರಿಸಿ ಹೇಗೋ ಒಳಗೆ ನುಸುಳಿದೆವು.

ಗಾಜಿನ ಬಾಗಿಲಾಚೆಯ ಅದೇ ಡಾಕ್ಟರು ಪರದೆಗೆ ಬಂದು, "ಅಮ್ಮಾ, ಬಾಯಿ ಬಿಡಿ" ಎಂದರು. ಎಷ್ಟು ನೊಂದರೂ ಯಾರ ಮುಂದೆಯೂ ಬಾಯಿ ಬಿಡದ ಅತ್ತೆಯವರು, ಕೊನೆಗೂ ಕೇಳುವವರೊಬ್ಬರು ಸಿಕ್ಕರೆಂದು, ಮಗ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿಸದಿರುವುದರಿಂದ ಹಿಡಿದು ಸೊಸೆಯ ಸಾರಿಗೆ ಉಪ್ಪು ಹೆಚ್ಚಾಗುವುದರವರೆಗೆ ಸವಿಸ್ತಾರವಾಗಿ ಬಾಯಿ ಬಿಟ್ಟರು. "ಅಯ್ಯೋ, ಮಾತು ಬೇಡಮ್ಮ, ಬರೀ ಬಾಯಿ ತೆಗೀರಿ" ಎಂದು ಡಾಕ್ಟರು ಅಂಗಲಾಚಿದ ಮೇಲೆ ಅವರು ಸದ್ದಿಲ್ಲದೆ ಬಾಯಿ ತೆರೆದರೆ, ಯಾರೂ ಮಾತನಾಡುತ್ತಿಲ್ಲವೆಂದು ತಾವು ಕರೆಯನ್ನೇ ಕಡಿದಿರಿ.

ಮತ್ತೆ ಕರೆ ಸಿಕ್ಕಾಗ ಅದು ಕಡಿಯದಿರಲೆಂದು ಪಕ್ಕದಲ್ಲಿ ಕೂತು ನಾನೇ ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಮಾತಾಡುವವರನ್ನೇ ದೊಡ್ಡದಾಗಿ ತೋರಿಸುವ ಸೌಜನ್ಯ ತಮ್ಮದಾದ್ದರಿಂದ ಡಾಕ್ಟರಿಗೆ ನನ್ನ ಬಾಯಿ ಕಂಡಿತು. "ಊತ ಏನೂ ಇಲ್ವಲ್ಲಮ್ಮ, ಹಲ್ಲೆಲ್ಲ ಗಟ್ಟಿಯಾಗಿವೆ, ಉಪ್ಪುನೀರು ಮುಕ್ಕಳಿಸಿ ಸಾಕು" ಎಂದು ಅಪ್ಪಣೆಯಾಯಿತು. ನಾನು ಬಾಯಿ ಹಾಕುವಷ್ಟರಲ್ಲಿ ತಾವು ಸಮಯ ಮುಗಿಯಿತೆಂದು ಶುಭ ಹಾರೈಸಿದಿರಿ.

ಮರುದಿನ ಊತ ಗಂಟಲಿಗಿಳಿಯಿತು. ಅತ್ತೆಯವರು ಉಗುಳನ್ನೂ ನುಂಗಲಾರದೆ, ಟವೆಲ್ಲಿನಿಂದ ಬಾಯಿ ಒತ್ತಿಕೊಂಡು, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನಗೆ ಜೀವವೇ ಬಾಯಿಗೆ ಬಂದಿತ್ತು. ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಡಾಕ್ಟರಮ್ಮ ದವಡೆಯಡಿ ಬೆರಳಿಟ್ಟು ಒತ್ತಿದ್ದೇ ತಡ, "ಕೀವು ಕಟ್ಟಿದೆ, ಇನ್ನೂ ತಡ ಮಾಡಿದ್ರೆ ಉಸಿರೇ ಕಟ್ತಿತ್ತು, ಇಷ್ಟು ದಿನ ಏನ್ಮಾಡ್ತಿದ್ರಿ?" ಎಂದು ಬೈದು, ಹಲ್ಲು ಕಿತ್ತು ಅತ್ತೆಯವರ ಜೀವ ಉಳಿಸಿದರು. ತಮ್ಮ ಪಾಲಿನ ಬೈಗುಳವನ್ನೂ ನಾನೇ ಸ್ವೀಕರಿಸಿದ್ದೇನೆ.

ಆದ್ದರಿಂದ ತಾವು ದಯವಿಟ್ಟು ಒಂದು ಬೆರಳು ಬೆಳೆಸಿಕೊಳ್ಳಬೇಕು. ಆಗದಿದ್ದರೆ, ಕರೆ ಕಡಿಯದಂತೆ ಹುಳುಕು ಹಲ್ಲುಗಳಿಗೇ ಮಾತು ಕಲಿಸಬೇಕು. ಅದೂ ಆಗದಿದ್ದರೆ ಕ್ಲಿನಿಕ್ಕಿನ ಗಾಜಿನ ಬಾಗಿಲು ತೆರೆಯಲು ಅಪ್ಪಣೆ ಕೊಡಬೇಕು. ಕೊನೆಯದು ಅಸಾಧ್ಯವೆಂದು ಬಲ್ಲೆ.

ಇನ್ನೂ ಉಸಿರಾಡುತ್ತಿರುವ ಅತ್ತೆಯವರ ಪರವಾಗಿ,
ತಮ್ಮ ವಿಶ್ವಾಸಿ,
ಒಬ್ಬ ಸೊಸೆ

ತಾ.ಕ.: ತಮ್ಮ ಚಿಕಿತ್ಸೆ ಯಶಸ್ವಿಯಾದ ಸಂತೋಷಕ್ಕೆ ನಕ್ಷತ್ರಗಳನ್ನು ಕೊಟ್ಟು, ಹಲ್ಲು ಕಾಣುವಂತೆ ನಗುವ ಫೋಟೊ ಕಳಿಸಿರೆಂದು ಈಗ ಕೇಳಿದ್ದೀರಿ. ಆಸ್ಪತ್ರೆಯ ಬಾಗಿಲಲ್ಲಿ ನನಗೆ ಹಗಲಲ್ಲೇ ಕಂಡ ನಕ್ಷತ್ರಗಳೆಲ್ಲ ತಮ್ಮವೇ. ಫೋಟೊವನ್ನು ಅತ್ತೆಯವರು, ಕಿತ್ತ ಹಲ್ಲನ್ನು ಹತ್ತಿಯ ಮೇಲಿಟ್ಟು, ಖುದ್ದಾಗಿ ತೆಗೆದು ಕಳಿಸಿದ್ದಾರೆ. "ಕೇಳಿದ್ದು ಹಲ್ಲು ತಾನೇ, ನೋಡ್ಕೊಳ್ಲಿ" ಎಂದರು.