‘ಸ್ಟಾಕ್ ನೋಡಲು’ ಎಂದು ಬರೆದವನು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಇರಬೇಕೆಂದು ನಂಬಿದವನು ನಾನು. ನನ್ನ ಷಡ್ಡಕ ವಿಜಯನಗರದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದಾಗ ಧಾರಾಳವಾಗಿ ಪಟ್ಟಿದ್ದೇನೆ. ಅದರಲ್ಲಿ ಒಂದು ಮರ್ಯಾದೆಯಿತ್ತು. ಆದರೆ ಐವತ್ತಾರನೆಯ ವಯಸ್ಸಿನಲ್ಲಿ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಮೇಲೂ ಪಕ್ಕದ ಮೇಜಿನ ನಾಗರತ್ನಳ ಮೇಲೂ ಒಟ್ಟಿಗೇ ಹೊಟ್ಟೆ ಉರಿದುಕೊಂಡೆ ಎಂದು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಮೇಟಗಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಬಿಡಿಭಾಗಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಬೇರಿಂಗ್ ಎಷ್ಟು ಉಳಿದಿದೆ, ಯಾವ ಕಪಾಟಿನಲ್ಲಿದೆ ಎಂದು ತಿಳಿಯಲು ಇಪ್ಪತ್ತು ವರ್ಷಗಳಿಂದ ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ನಾನು ಕನ್ನಡಕ ಏರಿಸಿ, ಬೇಕೆಂದೇ ಸ್ವಲ್ಪ ತಡಮಾಡಿ ಉತ್ತರ ಕೊಡುತ್ತಿದ್ದೆ. ಕಳೆದ ವರ್ಷ ಎ.ಐ. ಏಜೆಂಟ್ ಬಂತು. ಯಾರು ಬೇಕಾದರೂ ಫೋನಿನಲ್ಲೇ ಕೇಳಬಹುದು; ಅದು ಡೇಟಾಬೇಸಿನಲ್ಲಿ ಹುಡುಕಿ ಹೇಳುತ್ತದೆ. ಹುಡುಕಲು ಅದಕ್ಕೆ ಹತ್ತಾರು ಟೂಲುಗಳಿವೆ, ಅಂದರೆ ಒಂದೊಂದು ಬಗೆಯ ಪ್ರಶ್ನೆಗೆ ಒಂದೊಂದು ಸಣ್ಣ ಪ್ರೋಗ್ರಾಮು. ಯಾವಾಗ ಯಾವುದನ್ನು ಬಳಸಬೇಕೆಂದು ಅದಕ್ಕೆ ತಿಳಿಯಬೇಕಾದರೆ ಒಂದೊಂದಕ್ಕೂ ವಿವರಣೆ ಬರೆದಿಡಬೇಕು. ಆ ಕೆಲಸವನ್ನು ಮ್ಯಾನೇಜರ್ ನನಗೂ ನಾಗರತ್ನಳಿಗೂ ಅರ್ಧರ್ಧ ಹಂಚಿದರು. “ಬಿಡಿಸಿ ಬರೀರಿ. ಪಾಪ, ಅದಕ್ಕೆ ನಮ್ ಸ್ಟೋರ್ಸ್ ಹೊಸದು” ಎಂದರು.

ಪಾಪ ಎಂಬ ಆ ಮಾತು ನನಗೆ ನಾಟಿತು. ನಾನು ಸೇರಿದ ದಿನ ನನಗೂ ಸ್ಟೋರ್ಸ್ ಹೊಸದೇ ಆಗಿತ್ತು. ಆಗಿನ ಸ್ಟೋರ್‌ಕೀಪರ್ ಬೀಗದ ಕೈ ಗೊಂಚಲು ನನ್ನ ಕೈಗಿತ್ತು, “ನೋಡ್ಕೊಂಡು ಕಲ್ತ್ಕೊಳಯ್ಯ” ಎಂದು ಊಟಕ್ಕೆ ಹೋದವರು ಸಂಜೆಯವರೆಗೂ ಬರಲಿಲ್ಲ. ಹಸಿವೂ ಇಲ್ಲದ, ರಜೆಯೂ ಬೇಡದ ಈ ಏಜೆಂಟಿಗೆ ಮಾತ್ರ ಇಷ್ಟು ಉಪಚಾರ. ಆ ಸಿಟ್ಟಿನಲ್ಲಿ ನನ್ನ ಮುಖ್ಯ ಟೂಲಿಗೆ ‘ಸ್ಟಾಕ್ ನೋಡಲು’ ಎಂದು ಎರಡೇ ಪದ ಬರೆದೆ.

ಮಂಡಿ ಮೊಹಲ್ಲಾದ ಸಗಟು ಅಂಗಡಿಯವರ ಮಗಳು ನಾಗರತ್ನ. ಅವಳು ಒಂದೊಂದು ಟೂಲಿಗೂ ಅರ್ಧ ಪುಟ ಬರೆದಳು. ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಬಿಡಿಭಾಗದ ಕೋಡ್ ಗೊತ್ತಿಲ್ಲದಿದ್ದರೆ ಮೊದಲು ಏನು ಮಾಡಬೇಕು, ಎಲ್ಲ ಇತ್ತು. ಏಜೆಂಟ್ ದಿನವಿಡೀ ಅವಳ ಟೂಲುಗಳನ್ನೇ ಕರೆಯುತ್ತಿತ್ತು, ನನ್ನದನ್ನು ಅಪರೂಪಕ್ಕೊಮ್ಮೆ. ಬೆಳಿಗ್ಗೆ, ಯಾವ ಟೂಲನ್ನು ಎಷ್ಟು ಸಲ ಕರೆದಿದೆ ಎಂಬ ಪಟ್ಟಿ ತೆರೆದು ನೋಡಿ ಕಾಫಿ ಕಹಿಮಾಡಿಕೊಳ್ಳುವುದು ನನಗೆ ಅಭ್ಯಾಸವಾಯಿತು.

ಒಂದು ಸೋಮವಾರ ಫಿಟ್ಟರ್ ಬಸವರಾಜು ಬೇರಿಂಗ್ ಇದೆಯೇ ಎಂದು ಏಜೆಂಟನ್ನು ಕೇಳಿದ. ಅದು ಯಾಕೋ ನನ್ನ ಟೂಲನ್ನು ಕರೆದು, ನಾಲ್ಕಿವೆ ಎಂದಿತು. ಅವನು ಮಿಷಿನ್ ಬಿಚ್ಚಿ ಹಳೆಯ ಬೇರಿಂಗ್ ಕಿತ್ತುಹಾಕಿ ಸ್ಟೋರ್ಸ್‌ಗೆ ಬಂದರೆ ಕಪಾಟು ಖಾಲಿ.

“ಇದೇನ್ ಸಾರ್, ನಾಕ್ ಅವೆ ಅಂತು. ನಾನು ನಂಬಿ ಬಿಚ್ಬುಟ್ಟೆ. ಈಗ ಲೈನೇ ನಿಂತೋಯ್ತು.”

ನನಗೆ ಒಳಗೊಳಗೇ ಸಂತೋಷ. “ಅದಕ್ಕೆ ತಲೆ ಇಲ್ಲ ಕಣಪ್ಪ” ಎಂದೆ.

ನಾಗರತ್ನ ನನ್ನ ವಿವರಣೆಯನ್ನು ತೆರೆದು ನೋಡಿದಳು. “ಯಾವ ಸ್ಟಾಕ್ ಸಾರ್? ಕಪಾಟಲ್ಲಿರೋದು ಮಾತ್ರನಾ, ಆರ್ಡರ್ ಹಾಕಿ ಇನ್ನೂ ಬರ್ದೇ ಇರೋದೂ ಸೇರಿನಾ?”

“ಸೇರಿ. ಅದು ಎಲ್ಲಾರ್ಗೂ ಗೊತ್ತಿರೋದೇ ಅಲ್ವೇನಮ್ಮ.”

“ಎಲ್ಲಾರ್ಗೂ ಅಂದ್ರೆ ಯಾರಿಗೆ ಸಾರ್?”

ನಾನು ಬಸವರಾಜುವಿನ ಮುಖ ನೋಡಿದೆ. ಹದಿನೈದು ವರ್ಷದಿಂದ ಇಲ್ಲಿ ಸಾಮಾನು ತೆಗೆದುಕೊಳ್ಳುತ್ತಿರುವವನು. “ನಂಗಂತೂ ಗೊತ್ತಿರ್ನಿಲ್ಲ ಸಾರ್” ಎಂದ.

ಎಲ್ಲರೂ ಎಂದರೆ ನಾನೊಬ್ಬನೇ ಎಂದು ಆಗ ತಿಳಿಯಿತು. ಇನ್ನೂ ನಿಜ ಹೇಳಬೇಕೆಂದರೆ, ಅದು ಬೇರೆಯವರಿಗೆ ತಿಳಿಯದಿರಲಿ ಎಂದೇ ನಾನು ಇಷ್ಟು ವರ್ಷ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ತಿಳಿದುಬಿಟ್ಟರೆ ನನ್ನನ್ನು ಕೇಳುವವರು ಯಾರು?

ಉತ್ಪಾದನೆಯ ಲೈನು ಮರುದಿನ ಮಧ್ಯಾಹ್ನದವರೆಗೆ ನಿಂತೇ ಇತ್ತು. ನಾಗರತ್ನ ಮ್ಯಾನೇಜರಿಗೆ ನನ್ನ ಹೆಸರು ಹೇಳಲಿಲ್ಲ. ಒಳ್ಳೆಯತನದಲ್ಲೂ ಅವಳೇ ಮುಂದೆ ಎಂದು ಅದಕ್ಕೂ ಉರಿದುಕೊಂಡೆ. ಆಮೇಲೆ ಕೂತು, ನಾಲ್ಕು ಸಲ ಹೊಡೆದುಹಾಕಿ ಬರೆದೆ: “ಕಪಾಟಿನಲ್ಲಿರುವುದು ಮತ್ತು ಆರ್ಡರ್ ಆಗಿ ಇನ್ನೂ ಬರಬೇಕಾದದ್ದು, ಎರಡನ್ನೂ ಕೂಡಿಸಿ ಹೇಳುತ್ತದೆ. ಈಗಲೇ ಕೈಗೆ ಸಿಗುವುದೆಷ್ಟು ಎಂದು ಯಾರಾದರೂ ಕೇಳಿದರೆ ಇದನ್ನು ಬಳಸಬೇಡ.” ನಾಗರತ್ನ ಓದಿ, “ಈಗ ನಂಗೂ ಅರ್ಥವಾಯ್ತು ಸಾರ್” ಎಂದಳು.

ಎರಡು ವಾರ ಕಳೆದ ಮೇಲೆ ಬಸವರಾಜು ಸ್ಟೋರ್ಸ್‌ಗೆ ಬಂದ. ಏನೋ ಕೇಳಲು ಬಂದಿರಬೇಕೆಂದು ನೆಟ್ಟಗೆ ಕೂತೆ. ಅವನು ಬಂದದ್ದು ಕ್ಯಾಂಟೀನಿಗೆ ಕರೆಯಲು. ಟೀ ಮುಂದಿಟ್ಟುಕೊಂಡು, “ಎಷ್ಟು ಚೆಂದಾಗಿ ಹೇಳ್ತದೆ ಸಾರ್ ಅದು ಈಗ. ಕಪಾಟಲ್ಲಿ ಇಲ್ಲ, ಆರ್ಡರ್ ಹಾಕಿರೋ ನಾಕು ಗುರುವಾರ ಬರ್ತವೆ, ಮಿಷಿನ್ ಬಿಚ್ಬೇಡಿ ಅಂತು. ನಾಗರತ್ನ ಮೇಡಂ ಬರೆದಿರ್ಬೇಕು” ಎಂದ.

ಬರೆದವರು ಯಾರಾದರೇನು, ಕೆಲಸ ಆಯಿತಲ್ಲ ಎಂದು ನಕ್ಕು ಸುಮ್ಮನಾದೆ ಎಂದು ಇಲ್ಲಿ ಬರೆಯಬಹುದಿತ್ತು. ಆದರೆ ಅವನ ಟೀ ಆರಿ ತಣ್ಣಗಾಗುವವರೆಗೂ, ಅದನ್ನು ಬರೆದವನು ನಾನೇ ಎಂದು ಬಿಡಿಸಿ ಬಿಡಿಸಿ ವಿವರಿಸಿದೆ.